ರಕ್ತಪಿಶಾಚಿಗೆ ಅಲ್ ಖೋರಿನಲ್ಲಿ ಬಾಳೆಲೆ

ಕತಾರಿಗೆ ಹೋಗಿ ಬಂದವರು ಸಾಮಾನ್ಯವಾಗಿ ಚಿನ್ನದ ಅಂಗಡಿಯ ಕತೆ ಹೇಳುತ್ತಾರೆ, ಇಲ್ಲವೇ ಬಿಸಿಲಿನ ಕತೆ. ನನ್ನದು ಒಂದು ಗೋರಿಯ ಕತೆ. ಆ ಗೋರಿ ಕತಾರಿನಲ್ಲಿಲ್ಲ. ಅದರೊಳಗೆ ಯಾರಾದರೂ ಇದ್ದಾರೋ ಇಲ್ಲವೋ, ಅದೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಅದರ ದೆಸೆಯಿಂದ ನಾನು ಪರದೇಶದಲ್ಲಿ ಎರಡು ಬಾಳೆಲೆ ಹಾಕಿ, ಅಂಜಲ್ ಮೀನಿನ ಸಾರು ಬಡಿಸಬೇಕಾಯಿತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ಹೋದದ್ದು ಮಗಳು ಸುಜಾತಳ ಬಾಣಂತನಕ್ಕೆ. ಆವತ್ತಿನ ಕೂಸು ಈಗ ದೊಡ್ಡವಳಾಗಿ, ನನಗೆ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದ್ದಾಳೆ. "ಅಜ್ಜಿ, ಇದನ್ನು ಬರಿ" ಎಂದು ಹಟ ಹಿಡಿದವಳೂ ಅವಳೇ. ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ನಾನು 'ಕುಲೆ' ಎಂದು ಒತ್ತಿದರೆ ಫೋನು 'ಕೊಲೆ' ಎಂದು ತಿದ್ದುತ್ತದೆ. ಓದುವವರು ಹೆದರಬೇಡಿ, ಇದರಲ್ಲಿ ಕುಲೆ, ಎಂದರೆ ಸತ್ತವರ ಆತ್ಮ, ಉಂಟು; ಕೊಲೆ ಇಲ್ಲ.

ದೋಹಾ, ಏರ್‌ಪೋರ್ಟು

ಬೊಂಬಾಯಿಯಿಂದ ವಿಮಾನ. ಹೊರಡುವ ಮೊದಲೇ ಸುಜಾತ ಫೋನಿನಲ್ಲಿ ಎಚ್ಚರಿಸಿದ್ದಳು: "ಅಮ್ಮ, ಗಸಗಸೆ ಒಂದು ತರ್ಬೇಡ. ಅಫೀಮಿನ ಬೀಜ ಅಂತ ಇಲ್ಲಿ ಅದಕ್ಕೆ ಜೈಲು."

ಗಸಗಸೆ ಬಿಟ್ಟೆ. ಉಳಿದದ್ದನ್ನೆಲ್ಲ ಕಟ್ಟಿಕೊಂಡೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಓಮ, ಒಣ ಸಿಗಡಿ, ಒಂದು ಚೀಲದ ತುಂಬ ಬೆಳ್ಳುಳ್ಳಿ, ಮತ್ತೆ ಎರಡು ಡಬ್ಬಿ ಬಾಣಂತಿ ಲೇಹ್ಯ.

ಏರ್‌ಪೋರ್ಟಿನಲ್ಲಿ ಯೂನಿಫಾರ್ಮಿನ ಹುಡುಗನೊಬ್ಬ ಲೇಹ್ಯದ ಡಬ್ಬಿ ತೆರೆದ. ಕರ್ರಗೆ, ಅಂಟು ಅಂಟಾಗಿ, ತೆಂಗಿನೆಣ್ಣೆ ತೇಲುತ್ತಿರುವ ಆ ವಸ್ತುವನ್ನು ನೋಡಿ ಅವನ ಮುಖ ಸಣ್ಣದಾಯಿತು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಆ ಹೊತ್ತಿಗೆ ಒದಗಿದ್ದು ಒಂದೇ ಶಬ್ದ. ಡಬ್ಬಿ ತೋರಿಸಿ "ಬೇಬಿ, ಬೇಬಿ" ಎಂದೆ. ಹುಡುಗ ಡಬ್ಬಿಯನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟು ಎರಡು ಹೆಜ್ಜೆ ಹಿಂದೆ ಹೋದ.

ಇನ್ನು ಮಾತು ಸಾಕು ಎಂದು ಬೆರಳು ಅದ್ದಿ ನಾನೇ ನೆಕ್ಕಿ ತೋರಿಸಿದೆ. ಅವನಿಗೂ ಒಂದಿಷ್ಟು ಹಿಡಿದೆ. ಅಷ್ಟರಲ್ಲಿ ಹಿಂದಿನಿಂದ ವಯಸ್ಸಾದ ಅಧಿಕಾರಿಯೊಬ್ಬರು ಬಂದು ಮೂಸಿ ನೋಡಿದರು. ಅವರ ಮುಖ ಅರಳಿತು. "ಹಿಲ್ಬಾ!" ಎಂದರು. ಅದು ಮೆಂತ್ಯ ಎಂದು ಆಮೇಲೆ ತಿಳಿಯಿತು; ಅಲ್ಲಿನ ಬಾಣಂತಿಯರಿಗೂ ಮೆಂತ್ಯವೇ ಮದ್ದಂತೆ. ತಮ್ಮ ತಾಯಿ ಮಾಡುತ್ತಿದ್ದರು ಎಂಬಂತೆ ಏನೋ ಹೇಳಿ, "ಯಲ್ಲಾ, ಯಲ್ಲಾ" ಎಂದು ನನ್ನನ್ನು ಸಾಗಹಾಕಿದರು. ಬೆಳ್ಳುಳ್ಳಿ ಚೀಲದ ಕಡೆಗೆ ಯಾರೂ ನೋಡಲಿಲ್ಲ. ನೋಡಿ ಹಿಡಿದಿಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅಲ್ ಖೋರ್, ಮೊದಲ ವಾರ

ಅಳಿಯ ದಿನೇಶರಿಗೆ ರಾಸ್ ಲಫಾನಿನಲ್ಲಿ ಕೆಲಸ, ಮನೆ ಅಲ್ ಖೋರಿನಲ್ಲಿ. ಬೆಳಗಾಗುವ ಮೊದಲೇ ಕಂಪನಿ ಬಸ್ಸು ಬಂದು ಅವರನ್ನು ಕೊಂಡುಹೋಗುತ್ತಿತ್ತು. ಅಲ್ಲಿನ ಕಡಲು ನೋಡಿ ನನಗೆ ಸ್ವಲ್ಪ ಬೇಸರವೇ ಆಯಿತು. ನಮ್ಮ ಮಲ್ಪೆಯ ಕಡಲು ಹಗಲು ರಾತ್ರಿ ಬೈಯುತ್ತಲೇ ಇರುತ್ತದೆ. ಇದು ಯಾರ ಮೇಲೋ ಮುನಿಸಿಕೊಂಡು ಬಾಯಿ ಬಿಡದೆ ಕೂತ ಹಾಗಿತ್ತು.

ಮನೆಯೊಳಗೆ ನಾನು ಬಾಣಂತನ ಶುರು ಮಾಡಿದೆ. ಬೆಳ್ಳುಳ್ಳಿ ಗೊಂಚಲುಗಳನ್ನು ಮುಗ್ಗದಿರಲಿ ಎಂದು ಕಿಟಕಿಯ ಸರಳಿಗೆ ತೂಗುಹಾಕಿದೆ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಹೊಗೆ ಹಾಕಬೇಕಲ್ಲ? ಕೆಂಡಕ್ಕೆ ಎಲ್ಲಿಗೆ ಹೋಗುವುದು? ದಿನೇಶರು ಅರಬರು ಊದು ಎಂಬ ಪರಿಮಳದ ಕಟ್ಟಿಗೆ ಸುಡುವ ಧೂಪದ ಪಾತ್ರೆಯೊಂದನ್ನು ತಂದುಕೊಟ್ಟರು. ಅದರಲ್ಲಿ ಇದ್ದಿಲು ಹೊತ್ತಿಸಿ ಬೆಳ್ಳುಳ್ಳಿ ಸಿಪ್ಪೆ, ಓಮ, ಲೋಬಾನ ಹಾಕಿದೆ. ಹೊಗೆ ನಮ್ಮ ಊರಿನ ಹೊಗೆಯ ಹಾಗೆಯೇ ಬಂತು. ಆದರೆ ನಮ್ಮ ಊರಿನಲ್ಲಿ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಇಲ್ಲಿ ಎಲ್ಲ ಕಿಟಕಿ ಮುಚ್ಚಿದ ಏಸಿ ಮನೆ. ಅದು ದಾರಿ ಹುಡುಕಿಕೊಂಡು ಗಾಳಿಕೊಳವೆಯೊಳಗೆ ನುಗ್ಗಿ ಮೇಲಿನ ಮನೆಗೆ ಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಬಡಿಯುವ ಸದ್ದು. ತೆರೆದರೆ ಬಿಳಿಚಿಕೊಂಡ ಒಬ್ಬ ಹೆಂಗಸು, ಬರಿಗಾಲು, ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಮೇಲಿನ ಮನೆಯ ಡೊಯ್ನಾ, ರೊಮೇನಿಯಾ ದೇಶದವಳು, ಆಸ್ಪತ್ರೆಯಲ್ಲಿ ನರ್ಸು. ಗಂಡ ಸಮುದ್ರದ ಮಧ್ಯೆ ಎಣ್ಣೆಬಾವಿಯ ಕೆಲಸದಲ್ಲಿ, ತಿಂಗಳಿಗೊಮ್ಮೆ ಮನೆಗೆ. ಅವಳು ಮೂಸಿದಳು. ಕಿಟಕಿಯ ಬೆಳ್ಳುಳ್ಳಿ ಗೊಂಚಲು ನೋಡಿದಳು. ಹೊಗೆಯ ನಡುವೆ ಇದ್ದ ಮಗುವನ್ನು ನೋಡಿದಳು.

"ಯಾರು ಎದ್ದು ಬಂದದ್ದು?" ಎಂದು ಕೇಳಿದಳು.

"ಎಂತ ಕೇಳ್ತಿದ್ದಾಳೆ ಇವಳು?" ಎಂದು ನಾನು ಮಗಳಿಗೆ.

"ಅಮ್ಮ, ಸತ್ತವರು ಯಾರು ಎದ್ದು ಬಂದಿದ್ದಾರೆ ಅಂತ ಕೇಳ್ತಿದ್ದಾಳೆ. ಇಷ್ಟು ಬೆಳ್ಳುಳ್ಳಿ ಯಾರನ್ನು ಓಡಿಸ್ಲಿಕ್ಕೆ ಅಂತ. ಅವರ ಊರಿನಲ್ಲಿ ಎದ್ದ ಹೆಣ ಬೆಳ್ಳುಳ್ಳಿಗೆ ಹೆದರ್ತದಂತೆ."

"ಶೀತವನ್ನು ಓಡಿಸ್ಲಿಕ್ಕೆ ಅಂತ ಹೇಳು."

ಮಗಳು ಹೇಳಿದಳು. ಡೊಯ್ನಾ ಮೊದಲು ನಕ್ಕಳು. ನಕ್ಕು ನಕ್ಕು ಸೋಫಾದಲ್ಲಿ ಕೂತವಳು ಹಾಗೇ ಮುಖ ಮುಚ್ಚಿಕೊಂಡು ಅಳತೊಡಗಿದಳು. ನಾನು ಎರಡು ಚಮಚ ಲೇಹ್ಯ ಅವಳ ಬಾಯಿಗೆ ಹಾಕಿದೆ. ಅಳುವವರ ಬಾಯಿಗೆ ಏನಾದರೂ ಹಾಕಿದರೆ ಮತ್ತೆ ಮಾತು ಹೊರಬರುತ್ತದೆ.

ಮೇಲಿನ ಮನೆಯವಳ ಕೆರೆ

ಅವಳ ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷು, ಉಳಿದದ್ದು ಕೈಸನ್ನೆ. ಅವರ ದೇಶದಲ್ಲಿ ಅವಳು ಸಣ್ಣವಳಿದ್ದಾಗ ಹಿಂದಿ ಸಿನಿಮಾ ಅಂದರೆ ಜನ ಸಾಯುತ್ತಿದ್ದರಂತೆ. ಅದರಿಂದ ಕಲಿತ ಹಿಂದಿ, ಹಾಗಾಗಿ ಯಾವ ಮಾತಾಡಿದರೂ ಎದೆಗೆ ಕೈ ಇಟ್ಟೇ ಆಡುತ್ತಿದ್ದಳು. ತಿಳಿಯದ ಕಡೆ ಸುಜಾತ ತಿಳಿಸುತ್ತಿದ್ದಳು. ನಾನು ಎಲ್ಲವನ್ನೂ ನಮ್ಮ ಭಾಷೆಗೆ ಇಳಿಸಿ ಬರೆಯುತ್ತೇನೆ.

ಅವಳ ಊರು ಒಂದು ದೊಡ್ಡ ಕೆರೆಯ ದಂಡೆಯಲ್ಲಿ. ಕೆರೆಯ ನಡುವೆ ಒಂದು ನಡುಗಡ್ಡೆ, ಅದರಲ್ಲಿ ಕ್ರೈಸ್ತ ಸನ್ಯಾಸಿಗಳ ಹಳೆಯ ಇಗರ್ಜಿ. ಇಗರ್ಜಿಯ ಒಳಗೆ, ಪೂಜೆಯ ಜಾಗದ ಎದುರಿಗೆ, ನೆಲದ ಮಟ್ಟಕ್ಕೆ ಒಂದು ಕಲ್ಲು. ಅದರ ಕೆಳಗೆ ಒಬ್ಬ ದೊರೆ ಮಲಗಿದ್ದಾನೆ ಎಂದು ನಂಬಿಕೆ. ಯಾವ ದೊರೆ? ಸಿನಿಮಾದಲ್ಲಿ ಕಪ್ಪು ನಿಲುವಂಗಿ ತೊಟ್ಟು, ಕೋರೆಹಲ್ಲು ಬಿಟ್ಟು ಹೆಂಗಸರ ಕುತ್ತಿಗೆಗೆ ಬಾಯಿ ಹಾಕುತ್ತಾನಲ್ಲ, ಆ ರಕ್ತಪಿಶಾಚಿಯ ಮೂಲಪುರುಷ.

"ರಕ್ತ ಕುಡಿಯುತ್ತಿದ್ದನಾ ಅವ?" ಎಂದು ಕೇಳಿದೆ.

"ಇಲ್ಲ ಮಮ್ಮಾ. ಶತ್ರುಗಳನ್ನು ಗೂಟಕ್ಕೆ ಏರಿಸುತ್ತಿದ್ದ. ಕಳ್ಳರನ್ನೂ ಏರಿಸುತ್ತಿದ್ದ. ರಕ್ತ ಕುಡಿದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊರದೇಶದವರು ಬಂದು ಹೇಳಿದ ಮೇಲೆಯೇ ಗೊತ್ತಾದದ್ದು."

ಅವಳ ಅಪ್ಪ ಆ ಕೆರೆಯ ದೋಣಿಯವನು. ಪ್ರವಾಸಿಗಳನ್ನು ನಡುಗಡ್ಡೆಗೆ ದಾಟಿಸುವುದು ಅವನ ಕೆಲಸ. ಹುಟ್ಟು ಹಾಕುತ್ತ ಗೋರಿಯ ಕತೆ ಹೇಳುವುದೂ ಅವನ ಕೆಲಸ. ಮೊದಮೊದಲು ಅವನಿಗೆ ಒಂದೇ ಕತೆ ಗೊತ್ತಿದ್ದದ್ದು. ದೊರೆಯನ್ನು ಕಾಡಿನಲ್ಲಿ ಕೊಂದರು, ತಲೆಯನ್ನು ಜೇನಿನಲ್ಲಿ ಮುಳುಗಿಸಿ ತುರ್ಕರ ಸುಲ್ತಾನನಿಗೆ ಕಳಿಸಿದರು, ಮುಂಡವನ್ನು ಸನ್ಯಾಸಿಗಳು ಗುಟ್ಟಾಗಿ ತಂದು ಹೂಳಿದರು. ಪ್ರವಾಸಿಗಳಿಗೆ ಅಷ್ಟು ಸಾಲಲಿಲ್ಲ. ಹಾಗೆ ಒಂದೊಂದೇ ಸೇರಿಸಿದ. ಬಹಳ ಹಿಂದೆ ತಿಳಿದವರು ಬಂದು ಆ ಕಲ್ಲು ಎತ್ತಿ ಅಗೆದು ನೋಡಿದರಂತೆ. ಮನುಷ್ಯನ ಮೂಳೆಯೇ ಇಲ್ಲ, ಇದ್ದದ್ದು ಕುದುರೆಯದ್ದೋ ಎತ್ತಿನದ್ದೋ ಮೂಳೆ. ಅಷ್ಟು ಮಾತ್ರ ಊರೆಲ್ಲ ಒಪ್ಪುವ ಮಾತು, ಉಳಿದದ್ದು ಒಬ್ಬೊಬ್ಬರದ್ದು ಒಂದೊಂದು. ಬಾಗಿಲ ಹತ್ತಿರ ಇನ್ನೊಂದು ಗೋರಿ ಸಿಕ್ಕಿತು, ಅದರಲ್ಲಿ ಜರಿಬಟ್ಟೆಯ ಚೂರು, ಉಂಗುರ. ಪಟ್ಟಣಕ್ಕೆ ಒಯ್ದದ್ದು ಎಲ್ಲೋ ಕಳೆದುಹೋಯಿತು ಎಂದು ಕೆಲವರು. ಆ ದೊರೆ ಇಲ್ಲಿ ಇಲ್ಲವೇ ಇಲ್ಲ, ಬೇರೆ ಮಠದಲ್ಲಿದ್ದಾನೆ ಎಂದು ಇನ್ನು ಕೆಲವರು. ಜರ್ಮನಿಯವರು ಬಂದರೆ ರಕ್ತದ ಕತೆ, ಇಂಗ್ಲಿಷರು ಬಂದರೆ ಬಾವಲಿಯ ಕತೆ, ಹೊಸದಾಗಿ ಮದುವೆಯಾದವರು ಬಂದರೆ ಕೆರೆಯ ಕೆಳಗೆ ಮುಳುಗಿದ ಗಂಟೆ ಬಾರಿಸುವ ಕತೆ. ದೋಣಿಯಲ್ಲಿ ಕೂತವರ ಮುಖ ನೋಡಿ ಅವನು ಕತೆ ಆರಿಸುತ್ತಿದ್ದ.

ನಾನೂ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಮನೆಯವರ ಮುಖ ನೋಡಿಯೇ ಬಂಗುಡೆಯನ್ನು ಹೊಗಳಬೇಕೋ ಬೂತಾಯಿಯನ್ನೋ ಎಂದು ತಿಳಿಯುತ್ತದೆ. ಆ ಅಪ್ಪನ ಮೇಲೆ ನನಗೆ ಕೂಡಲೇ ಪ್ರೀತಿ ಬಂತು.

ಆ ಅಪ್ಪ ಆ ವರ್ಷದ ಚಳಿಗಾಲದಲ್ಲಿ ತೀರಿಹೋಗಿದ್ದ. ಡೊಯ್ನಾಳಿಗೆ ಹೋಗಲಾಗಲಿಲ್ಲ. ಅವಳ ಪಾಸ್‌ಪೋರ್ಟು ಕೆಲಸ ಕೊಟ್ಟವರ ಕೈಯಲ್ಲಿ, ದೇಶ ಬಿಡಲು ಮಾಲೀಕರ ಅಪ್ಪಣೆ ಬೇಕು, ಕೇಳಿದರೆ "ಮಾಫಿ", ಎಂದರೆ ಇಲ್ಲ, ಎಂಬ ಉತ್ತರ. ಹೆಣ ಮನೆಯಲ್ಲಿದ್ದಾಗ ಅದರ ಮೇಲಿಂದ ಬೆಕ್ಕು ಹಾರಿತಂತೆ; ಹಾಗಾದ ಹೆಣ ಎದ್ದು ಬರುತ್ತದೆ ಎಂದು ಅವರ ನಂಬಿಕೆ. ಆಮೇಲೆ ಪಕ್ಕದ ಮನೆಯವಳಿಗೆ ಜ್ವರ, ಅಣ್ಣ ಇಯೋನನ ದನಕ್ಕೆ ಹಾಲು ಬತ್ತಿತು, ಅವನ ಮಗುವಿಗೆ ಕನಸಿನಲ್ಲಿ ಅಜ್ಜ. ಊರಿನವರು ತೀರ್ಮಾನ ಮಾಡಿಬಿಟ್ಟರು. ಜೀವಮಾನವಿಡೀ ರಕ್ತಪಿಶಾಚಿಯ ಕತೆ ಮಾರಿದವನು ತಾನೇ ಅದಾಗಿದ್ದಾನೆ. ಬರುವ ಶನಿವಾರ ಗೋರಿ ತೆರೆಯಬೇಕು. ಅಂಥವರು ಶನಿವಾರ ಗೋರಿ ಬಿಟ್ಟು ಏಳುವುದಿಲ್ಲವಂತೆ. ತೆರೆದು, ಎದೆಗೆ ಕಬ್ಬಿಣದ ಗೂಟ.

"ನಿನ್ನ ಅಣ್ಣ ಒಪ್ಪಿದನಾ?"

"ಒಪ್ಪದಿದ್ದರೆ ಅವನ ಮನೆಯ ಬಾಗಿಲಿಗೆ ಯಾರೂ ಬರುವುದಿಲ್ಲ ಎಂದು ಹೇಳಿದ್ದಾರೆ. ಅವನಿಗೆ ಅಲ್ಲೇ ಬದುಕಬೇಕಲ್ಲ?"

"ನೀನು ನಂಬ್ತೀಯಾ ಇದನ್ನೆಲ್ಲ?"

"ಹಗಲು ನಂಬುವುದಿಲ್ಲ ಮಮ್ಮಾ" ಎಂದಳು. "ನಂಬಿದರೂ ಬಿಟ್ಟರೂ ಅವನು ನನ್ನ ಅಪ್ಪ. ಊರೆಲ್ಲ ನಿಂತು ನೋಡುವಾಗ ಅವನನ್ನು ಪೆಟ್ಟಿಗೆಯಿಂದ ಎಳೆಯುತ್ತಾರೆ."

ನಾನು ಸ್ವಲ್ಪ ಹೊತ್ತು ಬೆಳ್ಳುಳ್ಳಿ ಸುಲಿದೆ.

ನಮ್ಮ ತುಳುನಾಡಿನಲ್ಲಿ ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತೇವೆ. ಕುಲೆಗಳು ಉಪದ್ರ ಕೊಡುವುದು ನಮ್ಮಲ್ಲೂ ಉಂಟು. ನನ್ನ ಮಾವ ಸತ್ತ ಮೇಲೆ ಮೂರು ಸಲ ಬಲೆ ಹರಿಯಿತು, ಕಾಯಿಸಿದ ಹಾಲು ಒಡೆಯಿತು. ನಾವೇನು ಹಾರೆ ಹಿಡಿದು ಹೊರಟೆವಾ? ಅವರಿಗೆ ಹಸಿವಾಗಿದೆ ಎಂದು ತಿಳಿದುಕೊಂಡೆವು. ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಅಷ್ಟೇ. ಮದುವೆಯಾಗದೆ ಸತ್ತವರಾದರೆ ಅಂಥದ್ದೇ ಇನ್ನೊಂದು ಕುಲೆ ಹುಡುಕಿ ಮದುವೆ ಮಾಡಿಸುತ್ತೇವೆ.

"ಸತ್ತವರಿಗೆ ಮದುವೆಯಾ?" ಡೊಯ್ನಾಳ ಅಳು ನಿಂತಿತು.

"ಜಾತಿ, ಬಳಿ ಅಂತ ಕುಲಗೋತ್ರ ಎಲ್ಲ ನೋಡಿಯೇ ಮಾಡ್ಸುದು. ನಿನ್ನ ಅಪ್ಪನಿಗೆ ಅದು ಬೇಡ, ಅವರದ್ದು ಆಗಿದೆಯಲ್ಲ. ಅವರಿಗೆ ಊಟ ಸಾಕು. ಶುಕ್ರವಾರ ನಿನ್ನ ಮನೆಯಲ್ಲಿ ಬಡಿಸುವ. ಉಂಡ ಮೇಲೆ ನಿನ್ನ ಅಣ್ಣನಿಗೆ ಫೋನು ಮಾಡಿ ಹೇಳು, ಅಪ್ಪ ಮಗಳ ಮನೆಗೆ ಬಂದಿದ್ದಾರೆ, ಅಲ್ಲಿ ಇಲ್ಲ, ಖಾಲಿ ಗುಂಡಿ ತೋಡುದು ಯಾಕೆ ಅಂತ."

ಸುಜಾತ ತರ್ಜುಮೆ ಮಾಡುವುದನ್ನು ಬಿಟ್ಟು ನನ್ನನ್ನೇ ನೋಡಿದಳು. "ಅಮ್ಮ, ಬಾಣಂತನಕ್ಕೆ ಬಂದವಳು ನೀನು."

"ಎರಡೂ ಊಟ ಹಾಕುವ ಕೆಲಸವೇ ಅಲ್ವಾ?" ಎಂದೆ.

ಮೀನು ಮಾರ್ಕೆಟು, ಹಮೀದಾಕನ ಅಂಗಡಿ

ಅಲ್ ಖೋರಿನ ಮೀನು ಮಾರ್ಕೆಟಿನಲ್ಲಿ ಮಾರುವವರು ಎಲ್ಲ ಗಂಡಸರು. ಕೂಗಾಟವಿಲ್ಲ, ಬೈಗುಳವಿಲ್ಲ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆರಗು ಹಿಡಿದು ಎಳೆಯುವುದಿಲ್ಲ. ಬ್ಯಾಂಕಿಗೆ ಹೋದ ಹಾಗೆ ಅನಿಸಿತು. ನಮ್ಮ ಅಂಜಲ್ ಮೀನಿಗೆ ಅಲ್ಲಿ ಕನದ್ ಎನ್ನುತ್ತಾರೆ. ನಾನು ಸೀದಾ ಹೋಗಿ ಕಿವಿರು ಎತ್ತಿ ನೋಡಿದೆ. ಮಾರುವವನಿಗೆ ಸಿಟ್ಟು ಬಂದು ಅಡ್ಡ ಕೈ ಹಿಡಿದ. ನಾನು ಅವನ ಕೈ ಸರಿಸಿ ಪಕ್ಕದ ಮೀನಿನ ಕಿವಿರನ್ನೂ ಎತ್ತಿದೆ, ಅದರ ಪಕ್ಕದ್ದನ್ನೂ ಎತ್ತಿದೆ. ನಾಲ್ಕನೆಯದನ್ನು ಆರಿಸಿದಾಗ ಅವನೇ ತಲೆದೂಗಿ, ತಾನಾಗಿ ಮಂಜುಗಡ್ಡೆ ತುಂಬಿಸಿ ಕೊಟ್ಟ. ಡೊಯ್ನಾ ನನ್ನ ಹಿಂದೆ ಚೀಲ ಹಿಡಿದು ಸುಮ್ಮನೆ ನಿಂತಿದ್ದಳು.

ಬಾಳೆಲೆಗೆ ಹಮೀದಾಕನ ಅಂಗಡಿ. ಹಮೀದಾಕ ಉಳ್ಳಾಲದ ಬ್ಯಾರಿ, ಬಂದು ಇಪ್ಪತ್ತು ವರ್ಷ ದಾಟಿತ್ತು. ಅವರಲ್ಲಿ ಸಿಗದ್ದು ಇಲ್ಲ.

"ಗಿರಿಜಕ್ಕ, ಎಲೆ ಎಂತಕ್ಕೆ? ಮನೆಯಲ್ಲಿ ಗಮ್ಮತ್ತಾ?"

"ನೆಂಟರು ಬರ್ಲಿಕ್ಕುಂಟು."

"ಎಲ್ಲಿಂದ?"

"ದೂರದಿಂದ."

"ವೀಸಾ ಆಯ್ತಾ?"

"ಅವರಿಗೆ ವೀಸಾ ಬೇಡ."

ಹಮೀದಾಕ ಎಲೆ ಸುತ್ತುತ್ತಿದ್ದವರು ನಿಲ್ಲಿಸಿದರು. ನನ್ನ ಮುಖ ನೋಡಿದರು, ಡೊಯ್ನಾಳ ಮುಖ ನೋಡಿದರು. ಉಳ್ಳಾಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಗಿರಿಜಕ್ಕ, ನೀವು ಹೇಳಲಿಲ್ಲ, ನಾನು ಕೇಳಲಿಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಸಣ್ಣದಿರುವಾಗ ಪಕ್ಕದ ಮನೆಯಲ್ಲಿ ಕುಲೆಗೆ ಬಡಿಸುವ ದಿನ ನಾವೆಲ್ಲ ಅಂಗಳದಲ್ಲಿ ಕಾಯ್ತಿದ್ದೆವು, ಆಮೇಲೆ ಕಡುಬು ಸಿಗ್ತದೆ ಅಂತ. ಆದ್ರೆ ಇದು ಉಳ್ಳಾಲ ಅಲ್ಲ. ಮಾಟ ಮಂತ್ರ ಅಂತ ಯಾರಾದ್ರೂ ಪೊಲೀಸಿಗೆ ಹೇಳಿದ್ರೆ ಖಲಾಸ್. ಯಾರನ್ನು ಕರೆಯುದಿದ್ರೂ ಮೆಲ್ಲ ಕರೀರಿ."

ಇನ್ನೊಂದು ತೊಂದರೆ. ಕುಲೆಗೆ ಬಡಿಸುವಾಗ ಒಂದು ಲೋಟ ಶೇಂದಿ ಇಡುವುದು ನಮ್ಮ ಮನೆಯ ಕ್ರಮ. ಡೊಯ್ನಾಳ ಅಪ್ಪನಿಗೆ ಹಣ್ಣಿನ ಸಾರಾಯಿ ಅಂದರೆ ಪ್ರಾಣವಂತೆ. ಅಲ್ ಖೋರಿನಲ್ಲಿ ಎರಡೂ ಇಲ್ಲ. ಹಮೀದಾಕ ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆದುಕೊಟ್ಟರು, ಬಿಯರಿನ ಹಾಗೆ ಕಾಣುವ ಜವೆಯ ಪಾನಕ.

"ನೊರೆ ಉಂಟು, ಅಮಲು ಇಲ್ಲ."

"ಸತ್ತವರಿಗೆ ನೊರೆ ಸಾಕು" ಎಂದು ತೆಗೆದುಕೊಂಡೆ.

ಶುಕ್ರವಾರ

ಮಧ್ಯಾಹ್ನದಿಂದಲೇ ಡೊಯ್ನಾಳ ಅಡುಗೆಮನೆಯಲ್ಲಿ ಬೀಡುಬಿಟ್ಟೆ. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಣಸೆಹುಳಿ ನುಣ್ಣಗೆ ಅರೆದು ಅಂಜಲಿನ ಗಟ್ಟಿ ಸಾರು, ಗಸಿ, ಮಾಡಿದೆ. ಕುಚ್ಚಲಕ್ಕಿ ಅನ್ನ, ಕಡುಬು, ಸ್ವಲ್ಪ ಪಾಯಸ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದುಃಖಕ್ಕೋ ಒಣಮೆಣಸಿನ ಘಾಟಿಗೋ ಕೇಳಲಿಲ್ಲ.

ಸೂರ್ಯ ಇಳಿಯುವಾಗ ನೆಲ ಒರೆಸಿ ಎರಡು ಎಲೆ ಹಾಕಿದೆ.

"ಎರಡು ಯಾಕೆ ಮಮ್ಮಾ? ಅಮ್ಮ ಇನ್ನೂ ಬದುಕಿದ್ದಾಳೆ!"

"ಅವರಿಗಲ್ಲ ಮಾರಾಯ್ತಿ. ಹೆಸರು ಗೊತ್ತಿಲ್ಲದವರಿಗೆ, ಎಲ್ಲಿ ಹೂತದ್ದು, ಎಲ್ಲಿ ಸುಟ್ಟದ್ದು ಅಂತ ಯಾರಿಗೂ ಗೊತ್ತಿಲ್ಲದವರಿಗೆ ಒಂದು ಎಲೆ ಹೆಚ್ಚು ಹಾಕುದು ನಮ್ಮ ಕ್ರಮ."

ಡೊಯ್ನಾ ಎರಡನೆಯ ಎಲೆಯನ್ನೇ ನೋಡುತ್ತ ನಿಂತಳು. "ಹಾಗಾದರೆ ಇದು ದೊರೆಯದು" ಎಂದಳು. "ಅಪ್ಪ ಇಷ್ಟು ವರ್ಷ ಅವನ ಹೆಸರಿನಲ್ಲಿ ಹೊಟ್ಟೆ ಹೊರೆದ. ಕರೆಯದಿದ್ದರೆ ತಪ್ಪಾಗುತ್ತದೆ."

ನನಗೂ ಸರಿ ಅನಿಸಿತು. ಅವನಿಗೂ ಒಂದು ದೊಡ್ಡ ತುಂಡು ಹಾಕಿದೆ. ಆಮೇಲೆ ಒಂದು ಅನುಮಾನ ಬಂತು.

"ತಲೆ ಇಲ್ಲದವ ಉಣ್ಣುದು ಹೇಗೆ?"

"ತಲೆ ಜೇನಿನಲ್ಲಿ ಕೆಡದೆ ಉಂಟಲ್ಲ ಮಮ್ಮಾ, ಸುಲ್ತಾನನ ಊರು ನಮ್ಮ ಊರಿಗಿಂತ ಇಲ್ಲಿಗೆ ಹತ್ತಿರ. ಬಂದೀತು."

ನಾನು ಕೈಮುಗಿದು, ಹಮೀದಾಕ ಹೇಳಿದ ಹಾಗೆ ಮೆಲ್ಲ ಕರೆದೆ. "ಬಲೆ, ಕುಲ್ಲುಲೆ, ಉಣ್ಲೆ." ಬನ್ನಿ, ಕೂತುಕೊಳ್ಳಿ, ಊಟ ಮಾಡಿ ಎಂದು.

"ಅಪ್ಪನಿಗೆ ಈ ಭಾಷೆ ತಿಳಿಯುತ್ತದಾ?"

"ಸತ್ತ ಮೇಲೆ ಎಲ್ಲರಿಗೂ ತುಳು ಬರ್ತದೆ" ಎಂದು ಬಾಗಿಲು ಎಳೆದುಕೊಂಡೆ. ಬೀಗ ಹಾಕುವ ಹಾಗಿಲ್ಲ, ಬರುವವರು ಬರಬೇಕಲ್ಲ.

ಇಬ್ಬರೂ ತಾರಸಿಗೆ ಹೋಗಿ ಕೂತೆವು. ಮಸೀದಿಯಿಂದ ಬಾಂಗ್ ಕೇಳಿಸಿತು. ದೂರದಲ್ಲಿ ಮರದ ದೋಣಿಗಳು ಆ ಮುನಿಸಿಕೊಂಡ ಕಡಲಿನ ಮೇಲೆ ಅಲ್ಲಾಡದೆ ನಿಂತಿದ್ದವು. ಡೊಯ್ನಾ ಅಪ್ಪನ ಹಾಗೆ ಹುಟ್ಟು ಹಾಕುವುದನ್ನು ಗಾಳಿಯಲ್ಲಿ ತೋರಿಸಿದಳು. ನಮ್ಮವರು ಹುಟ್ಟು ಹಾಕುವುದನ್ನು ನಾನು ತೋರಿಸಿದೆ. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ತಲೆಯೆತ್ತಿ ನೋಡಿ ಬೇಗ ಬೇಗ ನಡೆದರು.

ಕತ್ತಲಾದ ಮೇಲೆ ಇಳಿದು, ಕ್ರಮದ ಪ್ರಕಾರ ಮೂರು ಸಲ ಬಾಗಿಲು ತಟ್ಟಿ, ತೆರೆದೆವು.

ಎರಡೂ ಎಲೆ ಖಾಲಿ.

ಅನ್ನ ಇಲ್ಲ, ಕಡುಬು ಇಲ್ಲ, ಪಾಯಸ ಇಲ್ಲ. ಮೀನಿನ ಮುಳ್ಳುಗಳು ಎಲೆಯ ಅಂಚಿನಲ್ಲಿ ಒಪ್ಪವಾಗಿ. ಲೋಟದಲ್ಲಿ ನೊರೆಯ ಗುರುತು ಮಾತ್ರ. ಮದುವೆಯಾಗಿ ಬಂದಂದಿನಿಂದ ಕುಲೆಗಳಿಗೆ ಬಡಿಸಿದವಳು ನಾನು. ಎಲೆಯಲ್ಲಿ ಒಂದು ಅಗುಳು ಅತ್ತಿತ್ತ ಆಗಿದ್ದರೆ ಅದನ್ನೇ ದೊಡ್ಡದು ಮಾಡಿ ಸಮಾಧಾನ ಪಡುತ್ತೇವೆ. ಎಲೆ ಬಳಿದು ಉಂಡ ಕುಲೆಯನ್ನು ನಾನು ಅದೇ ಮೊದಲು ಕಂಡದ್ದು.

ಡೊಯ್ನಾ ಎಲೆಯ ಎದುರು ಮೊಣಕಾಲೂರಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು, ಚಪ್ಪಲಿ ಹಾಕದೆ, ಫೋನ್ ಕಾರ್ಡು ಹಿಡಿದುಕೊಂಡು ಮೆಟ್ಟಿಲಿಳಿದು ಹಮೀದಾಕನ ಅಂಗಡಿಯ ಪಕ್ಕದ ಬೂತಿಗೆ ಓಡಿದಳು.

ನಾನು ಕೆಳಗೆ ನಮ್ಮ ಮನೆಗೆ ಬಂದೆ. ಶಿಫ್ಟು ಮುಗಿಸಿ ತಡವಾಗಿ ಬರಬೇಕಾಗಿದ್ದ ಅಳಿಯ ಬೇಸಿನಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು.

"ಅತ್ತೆ, ಇವತ್ತಿನ ಗಸಿ ಫಸ್ಟ್ ಕ್ಲಾಸ್" ಎಂದರು.

ನಾನು ನಲ್ಲಿ ನಿಲ್ಲಿಸಿದೆ. "ಎಲ್ಲಿ ಉಂಡದ್ದು ನೀವು?"

"ಮೇಲೆ. ಬಸ್ಸು ಬೇಗ ಬಂತು. ಇವಳು ಮಲಗಿದ್ದಳು, ಮಗು ಅಳ್ತಿತ್ತು, ಎತ್ತಿಕೊಂಡು ನಿಮ್ಮನ್ನು ಕರೀಲಿಕ್ಕೆ ಮೇಲೆ ಹೋದೆ, ಮೆಟ್ಟಿಲಲ್ಲೇ ಅದಕ್ಕೆ ನಿದ್ದೆ ಬಂತು. ಯಾರೂ ಇರಲಿಲ್ಲ, ಎಲೆ ಹಾಕಿ ಬಡಿಸಿ ಇಟ್ಟಿತ್ತು. ಇಷ್ಟು ದಿನ ಬಾಣಂತಿ ಸಾರೇ ಅಲ್ವಾ ಅತ್ತೆ? ಪಾಪ, ನನಗೋಸ್ಕರ ಮಾಡಿಟ್ಟಿದ್ದಾರೆ ಅಂತ ಅಂದ್ಕೊಂಡೆ."

"ಎರಡನೇ ಎಲೆ?"

"ಅದರಲ್ಲೂ ಅಂಜಲ್ ಇತ್ತಲ್ಲ."

ವಿಷಯ ತಿಳಿಸಿದಾಗ ಅಳಿಯ ಮತ್ತೆ ಬೇಸಿನಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಸುಜಾತ ದಿಂಬು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಹೊರಗೆ ಬೂತಿನಲ್ಲಿ ಒಬ್ಬ ಮಗಳು ತನ್ನ ಅಣ್ಣನಿಗೆ, ಅಪ್ಪ ಬಂದು ಉಂಡ ಎಂದು ಹೇಳುತ್ತಿದ್ದಳು. ನಿಜ ಹೇಳಿದರೆ ನಾಳೆ ಗೋರಿ ತೆರೆಯುತ್ತಾರೆ. ಹೇಳದಿದ್ದರೆ ಅವಳು ಅಳಿಯನ ಎಂಜಲೆಲೆಗೆ ಕೈಮುಗಿದ ಹಾಗೆ.

"ಶನಿವಾರ ಕಳೆಯುವವರೆಗೆ ಬಾಯಿ ಬಿಡಬೇಡಿ" ಎಂದೆ ಅಳಿಯನಿಗೆ.

"ಬಿಡುದಿಲ್ಲ ಅತ್ತೆ" ಎಂದರು. ದೊರೆಯ ಎಲೆಯಲ್ಲಿ ಉಂಡವರಲ್ಲವೇ, ಹಾಗೆ ಹೇಳಲು ಬಾಯಿ ಬಿಟ್ಟಾಗ ಕೋರೆಹಲ್ಲು ಏನಾದರೂ ಬಂದಿದೆಯೋ ಎಂದು ನಾನು ಒಮ್ಮೆ ನೋಡಿದೆ.

ಶನಿವಾರ, ಮತ್ತು ಅದರ ಮಾರನೆಯ ದಿನ

ಶನಿವಾರ ಡೊಯ್ನಾ ಆಸ್ಪತ್ರೆಗೆ ಹೋದಳು. ನಾನು ಮಗುವಿಗೆ ಎಣ್ಣೆ ಹಚ್ಚುವಾಗ ಎರಡು ಸಲ ಒಂದೇ ಕಾಲಿಗೆ ಹಚ್ಚಿದೆ. ಅನ್ನ ತಳ ಹಿಡಿಯಿತು. ಅಲ್ಲಿ ಈಗ ಹೊತ್ತು ಎಷ್ಟಾಗಿದೆ ಎಂದು ಸುಜಾತಳನ್ನು ಕೇಳುತ್ತಲೇ ಇದ್ದೆ. ಗುರುತಿಲ್ಲದ ಊರಿನ, ಗುರುತಿಲ್ಲದ ಒಬ್ಬ ದೋಣಿಯವನ ಹೆಣಕ್ಕೆ ನಾನು ಹೀಗೆ ತಳಮಳಿಸುತ್ತೇನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮೆಟ್ಟಿಲಲ್ಲಿ ದಡದಡ ಸದ್ದು. ಡೊಯ್ನಾ ಹಿಂದಿ ಸಿನಿಮಾದವರ ಹಾಗೆ ಎರಡೂ ಕೈ ಚಾಚಿಕೊಂಡು ಬಂದು ನನ್ನನ್ನು ಎತ್ತಿಯೇ ಬಿಟ್ಟಳು.

"ತೆರೆಯಲಿಲ್ಲ ಮಮ್ಮಾ! ತೆರೆಯಲಿಲ್ಲ!"

ಹಾರೆ ಗುದ್ದಲಿ ಹಿಡಿದು ಬಂದವರ ಎದುರು ಇಯೋನ ಗೋರಿಯ ಮೇಲೆಯೇ ಕೂತುಬಿಟ್ಟನಂತೆ. ಅಪ್ಪ ಇಲ್ಲಿಲ್ಲ, ಅರಬರ ದೇಶದಲ್ಲಿ ಮಗಳ ಮನೆಯಲ್ಲಿದ್ದಾನೆ, ನಿನ್ನೆ ರಾತ್ರಿ ಅಲ್ಲೇ ಊಟ ಮಾಡಿದ್ದಾನೆ, ಅವಳು ಕಣ್ಣಾರೆ ಎಲೆ ನೋಡಿದ್ದಾಳೆ ಎಂದನಂತೆ. "ದೊರೆಯ ಗೋರಿ ಅಗೆದವರಿಗೆ ಸಿಕ್ಕಿದ್ದು ಕುದುರೆ ಮೂಳೆ. ನಿಮಗೆ ಏನು ಸಿಗಬೇಕು ಎಂದು ಬಂದಿದ್ದೀರಿ?" ಎಂದು ಕೇಳಿದನಂತೆ. ಊರಿನವರು ಗುದ್ದಲಿಗೆ ಒರಗಿ ನಿಂತು ಚರ್ಚೆ ಮಾಡಿದರು. ಮುದುಕ ಬದುಕಿದ್ದಾಗಲೂ ಒಂದು ಕಡೆ ನಿಂತವನಲ್ಲ ಎಂದು ಒಬ್ಬ. ಅಷ್ಟು ದೂರ ಹೋದವನು ಮತ್ತೆ ಇಲ್ಲಿಗೆ ಬಂದು ದನದ ಹಾಲು ಯಾಕೆ ಬತ್ತಿಸುತ್ತಾನೆ ಎಂದು ಇನ್ನೊಬ್ಬ. ಕತಾರಿನಲ್ಲಿ ಊಟ ಹೇಗೆ ಎಂದು ಮತ್ತೊಬ್ಬ. ಕೊನೆಗೆ ಎಲ್ಲರೂ ಸೇರಿ ಸಾರಾಯಿ ಅಂಗಡಿಗೆ ಹೋದರಂತೆ.

ಅಳಿಯ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎಷ್ಟೋ ದಿನ ಡೊಯ್ನಾ ಎದುರಿಗೆ ಸಿಕ್ಕರೆ ಅವರು ಮೆಟ್ಟಿಲಲ್ಲಿ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು.

ಹೊರಡುವ ಹಿಂದಿನ ಸಂಜೆ

ಬಾಣಂತನ ಮುಗಿಯಿತು. ಹೊರಡುವ ಹಿಂದಿನ ದಿನ ಸಂಜೆ ಎಲ್ಲರೂ ಕಡಲ ದಂಡೆಗೆ ಹೋದೆವು. ಮಗು ಡೊಯ್ನಾಳ ತೋಳಿನಲ್ಲಿ. ದಿನೇಶರು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಅವಳ ಎದುರು ನಿಂತರು.

"ಸಿಸ್ಟರ್, ಆವತ್ತು ಎಲೆಯಲ್ಲಿ ಉಂಡದ್ದು ನಾನು."

ನಾನು ಕಡಲ ಕಡೆಗೆ ಮುಖ ತಿರುಗಿಸಿದೆ. ಡೊಯ್ನಾ ಮಗುವಿನ ಟೊಪ್ಪಿ ಸರಿ ಮಾಡಿದಳು.

"ಗೊತ್ತು" ಎಂದಳು.

"ಗೊತ್ತಾ!" ಎಂದು ನಾವು ಮೂವರೂ ಒಟ್ಟಿಗೆ.

"ಬಾಗಿಲು ತೆರೆದ ಕೂಡಲೇ ಗೊತ್ತಾಯಿತು. ಯಾರೆಂದು ಗೊತ್ತಿರಲಿಲ್ಲ, ಅಪ್ಪ ಅಲ್ಲವೆಂದು ಗೊತ್ತಾಯಿತು. ಅಪ್ಪ ಮೀನು ತಿನ್ನುವುದಿಲ್ಲ. ಸಣ್ಣವನಿದ್ದಾಗ ಮುಳ್ಳು ಗಂಟಲಲ್ಲಿ ಸಿಕ್ಕಿ ಸಾಯುವ ಹಾಗಾಗಿತ್ತಂತೆ. ಆಯುಷ್ಯವೆಲ್ಲ ಕೆರೆಯ ಮೇಲೆ ಕಳೆದ, ಒಂದು ಮೀನು ಬಾಯಿಗೆ ಇಟ್ಟವನಲ್ಲ."

"ಅಯ್ಯೋ ದೇವರೇ, ಮಾರ್ಕೆಟಿನಲ್ಲೇ ಹೇಳ್ಬಾರ್ದಾ ಮಾರಾಯ್ತಿ? ಕೋಳಿ ಮಾಡ್ತಿದ್ದೆ!"

"ನೀವು ಆ ಮೀನಿನವನ ಜೊತೆ ಅಷ್ಟು ಜಗಳ ಮಾಡಿ ಆರಿಸಿದ್ದಿರಿ ಮಮ್ಮಾ. ಹೇಗೆ ಹೇಳಲಿ?"

"ಮತ್ತೆ ಅಷ್ಟು ಅತ್ತದ್ದು?"

"ಅತ್ತದ್ದು ನಿಜ. ಯಾರೋ ಒಬ್ಬರು ನಮ್ಮ ಅಪ್ಪನ ಹೆಸರಿನಲ್ಲಿ ಹೊಟ್ಟೆ ತುಂಬ ಉಂಡಿದ್ದರಲ್ಲ."

ದಿನೇಶರು ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ಇನ್ನೊಂದು ಸಂಶಯ ಉಳಿದಿತ್ತು.

"ಅಣ್ಣನಿಗೆ ಎಂತ ಹೇಳಿದೆ ನೀನು?"

"ಕಂಡದ್ದನ್ನೇ ಹೇಳಿದೆ. ಅಪ್ಪನಿಗೆ ಎಲೆ ಹಾಕಿದೆವು, ಮೀನು ಬಡಿಸಿದೆವು, ಎಲೆ ಖಾಲಿಯಾಗಿದೆ, ಮುಳ್ಳು ಮಾತ್ರ ಉಳಿದಿದೆ ಎಂದೆ."

"ಅಪ್ಪ ಮೀನು ತಿನ್ನುವುದಿಲ್ಲ ಅಂತ ಅವನಿಗೆ ಗೊತ್ತಿಲ್ವಾ?"

"ಅವನಿಗೆ ಗೊತ್ತಿಲ್ಲದೆ ಇರುತ್ತದಾ ಮಮ್ಮಾ?"

ಮೀನಾ, ಮುಳ್ಳಾ ಎಂದು ಇಯೋನ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದನಂತೆ. ಎಲ್ಲಿ ಕಾರ್ಡು ಮುಗಿದುಹೋಗುತ್ತದೋ ಎಂದು ಇವಳಿಗೆ ಹೆದರಿಕೆ. ಕೊನೆಗೆ ಅಣ್ಣ ಹೇಳಿದ್ದು ಇಷ್ಟೇ ಅಂತೆ:

"ಮುಂದಿನ ಸಲ ಬಡಿಸುವಾಗ ಮುಳ್ಳು ತೆಗೆದುಕೊಡು. ಅಪ್ಪನಿಗೆ ಈಗಷ್ಟೇ ಅಭ್ಯಾಸ ಆಗುತ್ತಿದೆ, ಅಲ್ಲವಾ?"